ಸೀನಣ್ಣನ ಭಾವಚಿತ್ರದ ಅಭಾವ

ನಿಮ್ಮ ಮನೆಯ ಮದುವೆ ಆಲ್ಬಮ್ ಎಲ್ಲಿದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲಿರಾ? ನಮ್ಮ ಮನೆಯದು ಮಲಗುವ ಕೋಣೆಯ ಸಜ್ಜದ ಮೇಲೆ, ದಸರಾ ಗೊಂಬೆಗಳ ಟ್ರಂಕಿಗೂ ಹಿಡಿ ಮುರಿದ ಕುಕ್ಕರಿಗೂ ನಡುವೆ, ಹಳೆಯ ಪಂಚೆಯೊಂದನ್ನು ಹೊದ್ದು ಮಲಗಿರುತ್ತದೆ. ಅದನ್ನು ಇಳಿಸಲು ಒಬ್ಬರು ಸ್ಟೂಲಿನ ಮೇಲೆ ಹತ್ತಬೇಕು, ಇನ್ನೊಬ್ಬರು ಸ್ಟೂಲು ಹಿಡಿದುಕೊಂಡು ಬೈಯಬೇಕು. ಇಳಿಸಿದ ಮೇಲೂ, ಬೆಂಗಳೂರಿನ ಥಂಡಿಗೆ ಒಂದಕ್ಕೊಂದು ಅಂಟಿಕೊಂಡ ಪ್ಲಾಸ್ಟಿಕ್ ಹಾಳೆಗಳನ್ನು ಬಿಡಿಸುವಾಗ ಮದುಮಗನ ಮೂಗು ಎದುರು ಪುಟದ ಸೋದರತ್ತೆಯ ಕೆನ್ನೆಗೆ ಅಂಟಿ ಹೋಗುವುದುಂಟು. ಹೀಗಾಗಿ ಮರ್ಯಾದಸ್ಥರು ಸುಮ್ಮಸುಮ್ಮನೆ ಆಲ್ಬಮ್ ತೆಗೆಯುವುದಿಲ್ಲ. ಅಂಥದರಲ್ಲಿ ಕಳೆದ ವರ್ಷ ಸಾರಕ್ಕಿಯಿಂದ ಜೆ.ಪಿ. ನಗರದವರೆಗೆ ನಮ್ಮ ಅಕ್ಕಪಕ್ಕದ ಬೀದಿಗಳಲ್ಲೆಲ್ಲ ಮನೆಮನೆಯ ಸಜ್ಜದಿಂದ ಆಲ್ಬಮ್ಮುಗಳು ಇಳಿದವು. ಕಾರಣ, ಸೀನಣ್ಣ ತೀರಿಕೊಂಡಿದ್ದರು.

ಸೀನಣ್ಣನೆಂದರೆ ನಮ್ಮ ಶಾಸಕರು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದು, ಈಗ ನಮ್ಮ ಮನೆಗಳಿರುವ ಕಡೆ ಸೊಪ್ಪಿನ ಮಡಿಗಳಿದ್ದ ಕಾಲದಲ್ಲಿ, ಅಲ್ಲಿನ ರೈತರ ಮನೆಯಲ್ಲಿ ಹುಟ್ಟಿದವರು. ಮೊದಲು ವಾರ್ಡಿನ ಸದಸ್ಯರಾದರು, ಆಮೇಲೆ ವಿಧಾನಸಭೆಗೆ ಹೋದರು, ಮತ್ತೆ ಮತ್ತೆ ಹೋದರು. ಎಷ್ಟರಮಟ್ಟಿಗೆಂದರೆ ಎದುರು ಪಕ್ಷದ ಅಭ್ಯರ್ಥಿಗಳು ಕೂಡ ಪ್ರಚಾರ ಮಾಡಿ ಸುಸ್ತಾದಾಗ ಅವರ ಮನೆಗೇ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಭಾಷಣಕಾರರೇನಲ್ಲ. ಯಾವ ಸಭೆಯಲ್ಲೇ ಆಗಲಿ ಎರಡು ಮಾತಾಡಿ, "ಎಲ್ರೂ ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಮುಗಿಸುತ್ತಿದ್ದರು. ಪೆಪ್ಪರಮೆಂಟಿನ ಹೊರತು ಬೇರೇನೂ ಇಲ್ಲದ ಧ್ವಜಾರೋಹಣದಲ್ಲೂ ಹಾಗೆಯೇ ಹೇಳಿ, ಸಂಘದವರನ್ನು ಪೇಚಿಗೆ ಸಿಕ್ಕಿಸಿದ್ದರು. ಚರಂಡಿ ಕಟ್ಟಿಕೊಂಡರೆ ಜೆಸಿಬಿಗಿಂತ ಮೊದಲು ಅವರು ಬರುತ್ತಿದ್ದರು, ಮದುವೆಯಾದರೆ ಓಲಗದವರಿಗಿಂತ ಮೊದಲು. ಅಂಥವರು ಒಂದು ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಅಂದು ಮಾರುಕಟ್ಟೆಯಲ್ಲಿ ಯಾರೂ ಹೇಳದಿದ್ದರೂ ಅಂಗಡಿಗಳು ಬಾಗಿಲು ಹಾಕಿದವು. ಮಾರುಕಟ್ಟೆಯ ಪಕ್ಕದ ಜಂಕ್ಷನ್ನಿನಲ್ಲಿ ಹಾರ್ನು ಹೊಡೆಯದ ಬೈಕುಗಳನ್ನು ನಾನು ನೋಡಿದ್ದು ಆವತ್ತೇ.

ವೈಕುಂಠ ಸಮಾರಾಧನೆ ಕಳೆದ ಮೇಲೆ ಪಾರ್ಕಿನಲ್ಲಿ ನಾವೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಬೇಕೆಂದು ನಿಶ್ಚಯವಾಯಿತು. ನಿವಾಸಿಗಳ ಸಂಘದ ಅಧ್ಯಕ್ಷರಾದ ಪದ್ಮನಾಭರಾಯರು ನಿವೃತ್ತ ಎಂಜಿನಿಯರು. ಸೇತುವೆ ಕಟ್ಟಿದ ಗಾಂಭೀರ್ಯದಲ್ಲೇ ಪೆಂಡಾಲನ್ನೂ ಕಟ್ಟಿಸುವವರು. ನಾನು ನಿವೃತ್ತ ಕನ್ನಡ ಮೇಡಂ ಆದ್ದರಿಂದ ಫ್ಲೆಕ್ಸಿನ ಒಕ್ಕಣೆ ನನ್ನ ಪಾಲಿಗೆ ಬಂತು. ನಾನೂ ಬಿಡಲಿಲ್ಲ; "ಜನಮನದ ಮಂದಾರ, ದೀನಜನಬಂಧು, ಅಜಾತಶತ್ರು" ಎಂದು ಶುರುಮಾಡಿ ವಿಶೇಷಣಗಳನ್ನು ಸಾಲಾಗಿ ನಿಲ್ಲಿಸಿದೆ. ಫ್ಲೆಕ್ಸ್ ಮುದ್ರಿಸುವ ಸಲೀಂ ನನ್ನ ಹಳೆಯ ವಿದ್ಯಾರ್ಥಿ. ಓದಿ ತಲೆ ಕೆರೆದುಕೊಂಡ.

"ಮಿಸ್, ಇಷ್ಟೆಲ್ಲ ಹಾಕಿದ್ರೆ ಸೀನಣ್ಣಂಗೆ ಜಾಗ ಎಲ್ಲಿ ಮಿಸ್?"

ಮಂದಾರವನ್ನು ಬಿಟ್ಟುಕೊಟ್ಟೆ. ಫೋಟೋದ ಚಿಂತೆ ಇರಲಿಲ್ಲ. ಪ್ರತಿ ಚುನಾವಣೆಯಲ್ಲೂ ಗೋಡೆಗೋಡೆಗೆ ಅಂಟಿಸುತ್ತಿದ್ದ ಚಿತ್ರ ಸಲೀಮನ ಕಂಪ್ಯೂಟರಿನಲ್ಲೇ ಇತ್ತು: ದಟ್ಟ ಮೀಸೆ, ಗುಂಗುರು ಕೂದಲು, ದೂರದ ಅಭಿವೃದ್ಧಿಯನ್ನು ನೋಡುತ್ತಿರುವ ಕಣ್ಣು. ನಾವು ಬಲ್ಲ ಸೀನಣ್ಣನ ತಲೆ ಎಂದೋ ಬೋಳಾಗಿದ್ದರೂ, ರಾಜಕಾರಣಿಗಳ ಚಿತ್ರಕ್ಕೆ ವಯಸ್ಸಾಗಬಾರದೆಂಬ ನಿಯಮವನ್ನು ನಾವೆಲ್ಲ ಒಪ್ಪಿಕೊಂಡಿದ್ದೆವು. ಚಿತ್ರದ ಸುತ್ತ ಹಾರ, ಕೆಳಗೆ ಎರಡು ದೀಪ, "ಮತ್ತೆ ಹುಟ್ಟಿ ಬನ್ನಿ" ಎಂಬ ಕೋರಿಕೆ. ಸಂಜೆಯ ಹೊತ್ತಿಗೆ ಫ್ಲೆಕ್ಸು ಮಾರುಕಟ್ಟೆಯ ಎದುರು ನಿಂತಿತು.

ಮರುದಿನ ಬೆಳಿಗ್ಗೆ ರಾಯರ ಮನೆಯಲ್ಲಿ ಕೂತು ಯಾರು ಎಷ್ಟು ಹೊತ್ತು ಮಾತಾಡಬೇಕೆಂದು ಚರ್ಚಿಸುತ್ತಿದ್ದೆವು. ಸೀನಣ್ಣನ ತಮ್ಮ ವೆಂಕಟೇಶಪ್ಪ ಸ್ಕೂಟರನ್ನು ಗೇಟಿಗೇ ಒರಗಿಸಿ ಒಳಗೆ ನುಗ್ಗಿದರು.

"ಏನ್ ಸಾರ್ ಇದು? ಬದುಕಿರೋನ ಮುಂದೆ ದೀಪ ಹಚ್ಚಿ ನಿಲ್ಲಿಸಿದ್ದೀರಲ್ಲ!"

ರಾಯರು ಸಮಾಧಾನದ ದನಿಯಲ್ಲಿ, "ವೆಂಕಟೇಶಪ್ಪ, ದುಃಖ ಇರುತ್ತೆ, ಕೂತ್ಕೊಳ್ಳಿ. ಅದು ನಿಮ್ಮಣ್ಣನ ಫ್ಲೆಕ್ಸು," ಎಂದರು.

"ಅಣ್ಣನ ಫ್ಲೆಕ್ಸು ಸಾರ್, ಮುಖ ನಂದು!"

ರಾಯರು ನೀರಿನ ಲೋಟ ಮುಂದೆ ಹಿಡಿದರು. ವೆಂಕಟೇಶಪ್ಪ ನೀರು ಕುಡಿದು ಬಿಡಿಸಿ ಹೇಳಿದರು. ಸೀನಣ್ಣ ಮೊಟ್ಟಮೊದಲ ಚುನಾವಣೆಗೆ ನಿಂತಾಗ ಅಣ್ಣ ತಮ್ಮ ಇಬ್ಬರೂ ಸ್ಟುಡಿಯೋಗೆ ಹೊರಟಿದ್ದರಂತೆ. ದಾರಿಯಲ್ಲಿ ಯಾರದೋ ಎಮ್ಮೆ ಬಾವಿಗೆ ಬಿದ್ದಿದೆಯೆಂದು ತಿಳಿದು ಸೀನಣ್ಣ ಅತ್ತ ಓಡಿದರು. "ನೀನೇ ಹೋಗಿ ಕೂತ್ಕೊಳೋ, ನಮ್ಮಿಬ್ರ ಮೂಗೂ ಒಂದೇ ಅಂದ ಸಾರ್. ಕೂತೆ. ಎಮ್ಮೇನೂ ಬಂತು, ಎಲೆಕ್ಷನ್ನೂ ಗೆದ್ವಿ. ಆಮೇಲೆ ಅಣ್ಣಂಗೆ ಅದೇ ಲಕ್ಕಿ ಫೋಟೋ ಆಗೋಯ್ತು."

"ಜನ ನಿಮ್ಮ ಗುರುತು ಹಿಡೀಲಿಲ್ವೇ?" ಎಂದು ನಾನು ಕೇಳಿದೆ.

"ಹಿಡಿದ್ರಲ್ಲ ಮೇಡಂ. ಪೋಸ್ಟರ್ ನೋಡಿ, ನನ್ನೂ ನೋಡಿ, ನೀನು ಅಚ್ಚು ನಿಮ್ಮಣ್ಣನ ಹಾಗೇ ಇದ್ದೀಯ ಅಂತಿದ್ರು."

ಅಷ್ಟು ಚುನಾವಣೆಗಳಲ್ಲಿ ತಮ್ಮ ಮುಖ ಗೆಲ್ಲುವುದನ್ನು ನೋಡಿ ಒಳಗೊಳಗೇ ಹಿಗ್ಗಿದ್ದ ಮನುಷ್ಯ, ಅದೇ ಮುಖಕ್ಕೆ ಹಾರ ಬಿದ್ದಾಗ ಅಧೀರರಾಗಿದ್ದರು. ಬೆಳಿಗ್ಗೆ ಹೂವಿನ ಅಂಗಡಿಯ ಅಕ್ಕ ಫ್ಲೆಕ್ಸಿಗೆ ಕೈಮುಗಿದು ಈ ಕಡೆ ತಿರುಗಿದವಳು, ಇವರನ್ನು ಕಂಡು ಹೂವಿನ ಬುಟ್ಟಿ ಬಿಟ್ಟು ಓಡಿದಳಂತೆ. ಭಾವಚಿತ್ರವೆಂದರೆ ಭಾವನ ಚಿತ್ರವೆಂದಾದರೂ ವಾದಿಸಬಹುದಿತ್ತು. ತಮ್ಮನ ಚಿತ್ರವೆಂದು ಯಾವ ನಿಘಂಟಿನ ಬಲದ ಮೇಲೆ ಸಮರ್ಥಿಸುವುದು? ಮಧ್ಯಾಹ್ನದೊಳಗೆ ಫ್ಲೆಕ್ಸು ಇಳಿಯಿತು.

ರಾಯರೂ ನಾನೂ ನಿಜವಾದ ಫೋಟೋ ಕೇಳಲು ಸೀನಣ್ಣನ ಮನೆಗೆ ಹೋದೆವು. ಹಳೆಯ ಸಾರಕ್ಕಿಯ ಇಕ್ಕಟ್ಟು ಬೀದಿಯ ಮನೆ. ಷೋಕೇಸಿನ ತುಂಬ ಶಾಲು, ಮೈಸೂರು ಪೇಟ, ಫಲಕಗಳು. ಒಂದೇ ಒಂದು ಫೋಟೋ ಇಲ್ಲ. ಅವರ ಹೆಂಡತಿ ಜಯಮ್ಮ ಗೋಡೆಯತ್ತ ಕೈ ತೋರಿಸಿದರು. ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಆ ಕಾರ್ಡಿನ ಚಿತ್ರ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೆ? ನಿಮ್ಮದನ್ನೇ ತೆಗೆದು ನೋಡಿಕೊಳ್ಳಿ.

"ನೋಡಿದಾಗಲೆಲ್ಲ ಏನೋ ಕದ್ದು ಸಿಕ್ಕಾಕ್ಕೊಂಡೋರ ಹಂಗೆ ಕಾಣ್ತಾರೆ ಕಣ್ರಮ್ಮ," ಎಂದರು ಜಯಮ್ಮ. "ನಮ್ ಮದ್ವೆ ಫೋಟೋ ಗೆದ್ದಲು ತಿಂತು. ಇನ್ನೊಂದು ತೆಗಿಸ್ಕೊಳಣ ಅಂದ್ರೆ ಭಾನುವಾರ ಬರ್ಲಿ ಅನ್ನೋರು. ಭಾನುವಾರ ಬಂದ್ರೆ ಊರೋರ ಮದ್ವೆ. ಅವ್ರು ಎಲ್ರ ಮನೇಗೂ ಬಂದಿದ್ದಾರಲ್ಲ, ಯಾರ ಹತ್ರನಾದ್ರೂ ಒಂದು ನೆಟ್ಟಗಿರೋ ಫೋಟೋ ಇದ್ರೆ ಕೊಡಿ. ನಿಮ್ ಸಭೆಗಲ್ಲ, ನನಗೆ."

ಕೊನೆಯ ಮಾತನ್ನು ಅವರು ಹೇಳಿದ ರೀತಿಗೆ ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಬಂದೊಡನೆ ಬಡಾವಣೆಯ ವಾಟ್ಸಾಪ್ ಗುಂಪಿಗೆ ನಾನು ಸಂದೇಶ ಕಳಿಸಿದೆ. ಅಂದಿನಿಂದ ನಮ್ಮ ಹಜಾರಕ್ಕೆ ಆಲ್ಬಮ್ಮುಗಳ ಮೆರವಣಿಗೆ. ಮದುವೆ, ಮುಂಜಿ, ನಾಮಕರಣ, ಷಷ್ಟ್ಯಬ್ದಿ. ಸೀನಣ್ಣ ಇಲ್ಲದ ಆಲ್ಬಮ್ಮೇ ಇಲ್ಲ, ಸೀನಣ್ಣನ ಮುಖವಿರುವ ಫೋಟೋವೂ ಇಲ್ಲ. ವೇದಿಕೆಯ ಮೇಲೆ ನಿಂತಿದ್ದರೆ ಹಾರ ಮೂಗಿನವರೆಗೆ ಬಂದಿರುತ್ತಿತ್ತು, ಇಲ್ಲವೇ ಅವರು ಹಿಂದೆ ತಿರುಗಿ ಯಾರ ಮನೆಯದೋ ಒಳಚರಂಡಿಯ ವಿಚಾರ ಕೇಳುತ್ತಿರುತ್ತಿದ್ದರು. ಬಿಟಿಎಂ ಲೇಔಟಿನ ಪಿಜಿ ಹುಡುಗರು ಕಳಿಸಿದ ಸೆಲ್ಫಿಗಳಲ್ಲೆಲ್ಲ ಅವರದು ಬರೀ ಕಿವಿ, ಏಕೆಂದರೆ ಫೋನನ್ನು ನೋಡಿ ಎಂದರೆ, "ನೀನು ಪಕ್ಕದಲ್ಲೇ ಇದ್ದೀಯಲ್ಲಪ್ಪ, ಅದರೊಳಗೇನು ನೋಡೋದು?" ಎಂದು ಆ ಹುಡುಗರ ಮುಖವನ್ನೇ ನೋಡುತ್ತಿದ್ದರಂತೆ. ಇನ್ನುಳಿದ ಚಿತ್ರಗಳೆಲ್ಲ ಊಟದ ಮನೆಯವು. ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಾಗಿ ಸಾರು ಬಡಿಸುತ್ತಿರುವ ಬೆನ್ನು, ಬೋಳುತಲೆ, ಮತ್ತೆ ಬೆನ್ನು. ಸಾರ್ವಜನಿಕ ಜೀವನ ಎಂಬುದರ ಮೊದಲಿಗಿರುವ ಸಾರನ್ನು ಇಷ್ಟು ಮನಸಾರೆ ನಂಬಿದ ಜನಪ್ರತಿನಿಧಿ ಇನ್ನೊಬ್ಬರಿರಲಾರರು. ನಾಡಿನ ರಾಜಕೀಯದಲ್ಲಿ ಅವರ ಪಾತ್ರ ಎಂಥದೆಂದು ಪಂಡಿತರು ತೀರ್ಮಾನಿಸಲಿ. ನಮ್ಮ ಛತ್ರಗಳಲ್ಲಿ ಅವರ ಪಾತ್ರೆ ದೊಡ್ಡದು.

ಆ ಪುಟಗಳನ್ನು ತಿರುವುತ್ತ ನನಗೊಂದು ವಿಚಿತ್ರ ಭಾವನೆ ಬಂತು, ಸ್ನೇಹಿತರೇ. ನಾವೆಲ್ಲ ಎಷ್ಟೊಂದು ಮುತುವರ್ಜಿಯಿಂದ ಕ್ಯಾಮೆರಾದ ಕಡೆ ನೋಡಿದ್ದೇವೆ! ಸೀರೆಯ ಸೆರಗು ಸರಿ, ಸರ ಸರಿ, ನಗು ಅಳತೆಗೆ ತಕ್ಕಷ್ಟು. ಒಬ್ಬನೇ ಒಬ್ಬ ಮನುಷ್ಯ ಮಾತ್ರ ನಮ್ಮೆಲ್ಲರ ಸಂಭ್ರಮದ ನಡುವೆ, ನಮ್ಮನ್ನೇ ನೋಡುತ್ತ, ಚಿತ್ರ ತೆಗೆಯುತ್ತಿದ್ದಾರೆಂಬುದನ್ನೇ ಮರೆತಿದ್ದಾನೆ. ಮಂದಾರ, ಅಜಾತಶತ್ರು ಎಂದೆಲ್ಲ ಬರೆದ ನನಗೆ ಇದಕ್ಕೊಂದು ವಿಶೇಷಣ ಹೊಳೆಯಲಿಲ್ಲ.

ಕೊನೆಗೆ, ಬಿಳೇಕಹಳ್ಳಿಗೆ ಮನೆ ಬದಲಾಯಿಸಿದ್ದ ನಮ್ಮ ಹಳೆಯ ನೆರೆಯವರು ತಂದುಕೊಟ್ಟ ಮುಂಜಿಯ ಆಲ್ಬಮ್ಮಿನಲ್ಲಿ ಅದು ಸಿಕ್ಕಿತು. ಸೀನಣ್ಣ ಎಲೆಯ ಮುಂದೆ ಕೂತಿದ್ದಾರೆ. ಮುಖ ಪೂರ್ತಿ ಕಾಣುತ್ತಿದೆ. ಒಂದು ಕೆನ್ನೆ ಒಬ್ಬಟ್ಟಿನಿಂದ ಉಬ್ಬಿದೆ. ಎದುರಿಗೆ ಇನ್ನೊಂದು ಒಬ್ಬಟ್ಟು ಹಿಡಿದು ನಿಂತ ಬಡಿಸುವವನಿಗೆ, ಬೇಡ ಸಾಕು ಎಂದು ಎಡಗೈ ಎತ್ತಿ ಅಡ್ಡ ಹಿಡಿದಿದ್ದಾರೆ. ಕಣ್ಣುಗಳಲ್ಲಿ ಮಾತ್ರ ಬಡಿಸಿದರೆ ಬೇಡವೆನ್ನಲಾರೆನೆಂಬ ನಗು.

ರಾಯರು ಹೌಹಾರಿದರು. "ಬಾಯ್ತುಂಬ ಒಬ್ಬಟ್ಟು ಇಟ್ಕೊಂಡಿರೋರಿಗೆ ಶ್ರದ್ಧಾಂಜಲಿ ಹೇಗ್ರೀ ಸಲ್ಸೋದು?"

"ಒಂದ್ನಿಮಿಷ ಇರಿ ಸಾರ್," ಎಂದ ಸಲೀಂ. ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎಲೆ ಕತ್ತರಿಸಿದ, ಬಡಿಸುವವನನ್ನು ಕತ್ತರಿಸಿದ, ಹಿಂದೆ ಒಂದಿಷ್ಟು ನೀಲಿ ಆಕಾಶ ಹಾಕಿದ. "ಎಲೆ ತೆಗೆದ್ರೆ ಲೀಡರ್, ನೋಡಿ!"

ನಿಜವಾಗಿಯೂ ಹಾಗೆಯೇ ಆಗಿತ್ತು. ತುಂಬುಗೆನ್ನೆಯ ಜನನಾಯಕ ಕೈಯೆತ್ತಿ ಜನಸ್ತೋಮಕ್ಕೆ ಅಭಯ ನೀಡುತ್ತಿದ್ದ. ವೆಂಕಟೇಶಪ್ಪನವರು ಬಂದು, ಹತ್ತಿರದಿಂದಲೂ ದೂರದಿಂದಲೂ ಪರೀಕ್ಷಿಸಿ, "ಇದು ನಾನಲ್ಲ," ಎಂದು ಖಾತ್ರಿಪಡಿಸಿದ ಮೇಲೆ ಮುದ್ರಣವಾಯಿತು.

ಭಾನುವಾರ ಪಾರ್ಕು ತುಂಬಿತ್ತು. ವೇದಿಕೆಯ ಹಿಂದೆ ಆಳೆತ್ತರದ ಸೀನಣ್ಣ. ಪ್ರತಿಯೊಬ್ಬ ಭಾಷಣಕಾರರೂ ಹಿಂದೆ ತಿರುಗಿ, "ಇಗೋ, ಇಂದಿಗೂ ನಮ್ಮನ್ನು ಹರಸುತ್ತಿರುವ ಆ ಹಸ್ತ!" ಎಂದು ಗದ್ಗದಿತರಾದರು. ಇನ್ನೂ ಮಾತಾಡಲು ಹೊರಟವರಿಗೆ ಅದೇ ಹಸ್ತ ಸಾಕು ಸಾಕು ಎನ್ನುತ್ತಿರುವುದು ರಾಯರಿಗೂ ಸಲೀಮನಿಗೂ ನನಗೂ ಮಾತ್ರ ಗೊತ್ತಿದ್ದು, ನಾವು ಮೂವರೂ ಒಬ್ಬರನ್ನೊಬ್ಬರು ನೋಡದೆ ನೆಲ ನೋಡುತ್ತ ಕೂತಿದ್ದೆವು. ಮೌನಾಚರಣೆಯ ಹೊತ್ತಿನಲ್ಲಿ ಮೊದಲ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದ ಜಯಮ್ಮ ತಲೆಯೆತ್ತಿ ಫ್ಲೆಕ್ಸನ್ನು ದಿಟ್ಟಿಸಿ ನೋಡಿದರು. ಇಡೀ ಪಾರ್ಕು ಉಸಿರು ಬಿಗಿಹಿಡಿದಿದ್ದಾಗ, ನನ್ನತ್ತ ವಾಲಿ, ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ, "ಮೇಡಂ, ಬಾಯಲ್ಲಿ ಏನೋ ಐತಲ್ಲ?" ಎಂದರು.

ಸುಳ್ಳು ಹೇಳಲಾಗಲಿಲ್ಲ. "ಒಬ್ಬಟ್ಟು," ಎಂದೆ.

"ಕೈ ಎತ್ತಿರೋದು?"

"ಸಾಕು ಅಂತ."

ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಪಕ್ಕದವರು ಬೆನ್ನು ಸವರಿದರು. ಆದರೆ ಅವರು ನಗುತ್ತಿದ್ದರು. "ನನ್ ಕೈಲಿ ಒಬ್ಬಟ್ಟು ತಿಂದು ಒಂದು ದಿನಾನೂ ಸಾಕು ಅಂದಿಲ್ಲ ಈ ಮನುಷ್ಯ!" ಎಂದು ಜೋರಾಗಿಯೇ ಹೇಳಿಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೆಂಕಟೇಶಪ್ಪ ಕರವಸ್ತ್ರದೊಳಗೆ ನಕ್ಕರು. ಮೌನಾಚರಣೆಯನ್ನು ಗಡಿಯಾರ ಹಿಡಿದು ನಡೆಸುತ್ತಿದ್ದ ರಾಯರು ಕೂಡ ತಡೆಯಲಾರದೆ ಮೈಕಿನಲ್ಲೇ ನಕ್ಕಾಗ ಪಾರ್ಕಿಗೆ ಪಾರ್ಕೇ ನಗತೊಡಗಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುವಾಗ ಯಾವುದು ಯಾವ ನೀರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆಮೇಲೆ ಉಪ್ಪಿಟ್ಟು ಕೇಸರಿಬಾತಿನ ಹತ್ತಿರ ನಿಂತು, ಭಾಷಣಗಳಲ್ಲಿ ಯಾರೂ ಹೇಳದಿದ್ದ ಸೀನಣ್ಣನ ಕಥೆಗಳನ್ನೆಲ್ಲ ಜನ ಒಬ್ಬರಿಗೊಬ್ಬರು ಹೇಳಿಕೊಂಡರು.

ಸಭೆ ಮುಗಿದ ಮೇಲೆ ಜಯಮ್ಮ ಸಲೀಮನನ್ನು ಕರೆದು, "ಎಲೆ ಯಾಕಪ್ಪ ಕತ್ತರಿಸ್ದೆ? ನಂಗೆ ಎಲೆ ಸಮೇತ ಬೇಕು," ಎಂದರು. ಅವನು ಕಟ್ಟು ಹಾಕಿಸಿದ ಪೂರ್ತಿ ಚಿತ್ರವನ್ನು ಒಂದು ಸಂಜೆ ನಾನೇ ಅವರ ಮನೆಗೆ ತೆಗೆದುಕೊಂಡು ಹೋದೆ. ಆಧಾರಿನ ಚಿತ್ರ ಇಳಿಯಿತು, ಇದು ಆ ಮೊಳೆಗೆ ಏರಿತು. ಜಯಮ್ಮ ಕನ್ನಡಕ ಹಾಕಿಕೊಂಡು, ಹತ್ತಿರ ನಿಂತು, ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ದೃಷ್ಟಿ ನಿಧಾನವಾಗಿ ಎಲೆಗೆ ಇಳಿಯಿತು.

"ನೋಡ್ರಮ್ಮ, ಹೀರೇಕಾಯಿ ಪಲ್ಯ ಮುಟ್ಟೇ ಇಲ್ಲ," ಎಂದರು. ಹೇಳಿದ್ದು ನನಗಾದರೂ, ಗದರಿದ್ದು ಚಿತ್ರದಲ್ಲಿದ್ದ ಗಂಡನಿಗೆ.