ಎಮರಾಲ್ಡ್ ನೀರಿನ ಮುಂದೆ ತೆಗೆದ ಫೋಟೊ

ನನಗೆ ಹೊಳಪಿನ ಹುಚ್ಚು. ಊಟಿ ಮಾರ್ಕೆಟ್ಟಿನ ಪಕ್ಕ ಟೀ ಪುಡಿ, ನೀಲಗಿರಿ ಎಣ್ಣೆ ಮಾರುವವನಿಗೆ ಇದೆಲ್ಲ ಯಾಕೆ ಅಂತ ಕೇಳದವರಿಲ್ಲ. ಬಂದವರೆಲ್ಲ ಗುಡ್ಡದ ಫೋಟೊ ತೆಗೆಯುತ್ತಾರೆ, ಹೂವಿನ ಫೋಟೊ ತೆಗೆಯುತ್ತಾರೆ. ನಾನು ತೆಗೆಯುವುದು ಬಿಸಿಲು ತಾಗಿ ಮಿಂಚುವ ಚೂರುಗಳನ್ನು. ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ, ಮಳೆ ನಿಂತ ಮೇಲೆ ಟೀ ಎಲೆ, ತಿರುವಿನಲ್ಲಿ ಬಸ್ಸಿನ ಕನ್ನಡಿ, ಎಸ್ಟೇಟಿನ ಲೈನ್ ಮನೆಗಳ ತಗಡು. ಅದೂ ಫೋನಿನಲ್ಲಲ್ಲ, ಫಿಲಂ ರೋಲಿನಲ್ಲಿ.

ಫಿಲಂನಲ್ಲಿ ಹೊಳಪು ಹಿಡಿಯುವುದಕ್ಕೆ ಬೆಳಕನ್ನು ಜಿಪುಣನ ಹಾಗೆ ಬಿಡಬೇಕು. ಹೆಚ್ಚಾಯಿತೋ, ಮಿಂಚು ಹರಡಿ ಬರೀ ಬಿಳಿ ತೇಪೆಯಾಗುತ್ತದೆ. ಆದ್ದರಿಂದ ನಾನು ಬೆಳಕು ಅಳೆಯುವ ಮೀಟರನ್ನು ಹೊಳಪಿಗೇ ಹಿಡಿದು, ಅದಕ್ಕೆ ತಕ್ಕಷ್ಟೇ ಬೆಳಕು ಬಿಡುತ್ತಿದ್ದೆ. ಸುತ್ತಲಿನದು ಕತ್ತಲಾದರೆ ಆಗಲಿ, ಯಾರಿಗೆ ಬೇಕು ಅನ್ನುವ ಧಿಮಾಕು. ಇಪ್ಪತ್ತು ವರ್ಷ ಹಾಗೇ ಮಾಡಿ ಮಾಡಿ, ನನ್ನನ್ನು ಕೇಳದೆಯೇ ಬೆರಳುಗಳು ಬೆಳಕು ಹೆಚ್ಚುಕಡಿಮೆ ಮಾಡುವ ಲೆನ್ಸಿನ ಬಳೆ ತಿರುಗಿಸುವಷ್ಟು ರೂಢಿಯಾಗಿಬಿಟ್ಟಿತ್ತು.

ರೋಲು ತೊಳೆಯುವುದು ಮನೆಯ ಬಚ್ಚಲಲ್ಲೇ. ಊಟಿಯ ತಣ್ಣೀರಿನಲ್ಲಿ ಕೆಮಿಕಲ್ ಕೆಲಸ ಮಾಡುವುದಿಲ್ಲ. ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟಿರಬೇಕು. ಆ ಬಕೆಟ್ಟಿಗೆ ಮೊಣಕೈ ಅದ್ದಿ ಹದ ನೋಡುತ್ತಿದ್ದವಳು ನನ್ನ ಹೆಂಡತಿ, ಕೂಸಿಗೆ ನೀರು ಹಾಕುವವರ ಹಾಗೆ. ಥರ್ಮಾಮೀಟರ್ ತಂದುಕೊಟ್ಟರೆ, "ಅದು ನಿಮಗಿರ್ಲಿ ಬುಡಿ" ಅಂದಳು. ಚಾಮರಾಜನಗರದ ಕಡೆಯವಳು. ಮದುವೆಯಾದ ಹೊಸದರಲ್ಲಿ ನೆಗೆಟಿವ್ ನೋಡಿ, ಎಲ್ಲಾ ದೆವ್ವಗಳ ಥರ ಅವ್ರೆ ಎಂದು ಹೆದರಿದ್ದಳು. ಆಮೇಲಾಮೇಲೆ ನನಗಿಂತ ಮೊದಲು ಕಿಟಕಿಗೆ ಹಿಡಿದು, "ಮೂರ್ನೇದು ಅಳ್ಳಾಡ್ಬುಟ್ಟದೆ, ಏಳ್ನೇದು ಪಾಸು" ಎಂದು ತೀರ್ಪು ಕೊಡುವವಳಾದಳು.

ಹೋದ ವರ್ಷ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅವಳಿಗೆ ಕ್ಯಾನ್ಸರ್ ಎಂದರು. ಮುಂದಿನ ಸೋಮವಾರದಿಂದಲೇ ಔಷಧಿ ಶುರು, ಕೂದಲು ಉದುರುತ್ತದೆ, ಮುಖ ಊದಬಹುದು ಎಂದೂ ಹೇಳಿದರು. ವಾಪಸು ಬರುವಾಗ ಬಸ್ಸು ಘಾಟಿ ಹತ್ತಿ ಅರವಂಕಾಡು ದಾಟಿದ ಮೇಲೆ, "ರೀ, ಕೂದ್ಲು ಹೋಗೋಕ್ ಮುಂಚೆ ನಂದೊಂದು ಫೋಟೊ ತೆಗೀರಿ" ಅಂದಳು. "ಫೋನಲ್ಲಿ ಬ್ಯಾಡ. ನಿಮ್ ಕ್ಯಾಮ್ರಾದಲ್ಲಿ. ಮುಖ ಚೆನ್ನಾಗಿ ಕಾಣ್ಬೇಕು."

ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನ ಕ್ಯಾಮೆರಾದಿಂದ ಕೇಳಿದ್ದು ಅದೊಂದೇ. ಅಲ್ಲಿಯವರೆಗೆ ಅವಳದೇ ಅಂತ ಒಂದು ಒಳ್ಳೆಯ ಫೋಟೊ ನಾನು ತೆಗೆದಿರಲಿಲ್ಲ. ಇದ್ದದ್ದೆಲ್ಲ ಮದುವೆ ಮನೆಗಳಲ್ಲಿ ಯಾರ್ಯಾರೋ ಫೋನಿನಲ್ಲಿ ತೆಗೆದ ಗುಂಪಿನವು. ಥೂ ನನ್ನ ಜನ್ಮಕ್ಕೆ! ಬಸ್ಸಿನ ಕನ್ನಡಿಗೆ ಖರ್ಚಾದ ರೋಲುಗಳಿಗೆ ಲೆಕ್ಕವಿಲ್ಲ.

ಭಾನುವಾರ ಅಂಗಡಿಗೆ ಬೀಗ ಹಾಕಿ ಎಮರಾಲ್ಡ್ ಅಣೆಕಟ್ಟಿಗೆ ಹೋದೆವು. ನೀಲಿ ರೇಷ್ಮೆ ಸೀರೆ ಉಟ್ಟಿದ್ದಳು, ಜಡೆಯ ತುಂಬ ಕನಕಾಂಬರ. ಅಣೆಕಟ್ಟಿನ ಹಿನ್ನೀರಿಗೆ ಬೆನ್ನು ಮಾಡಿ, ಕ್ಯಾರೆಟ್ ಹೊಲದ ಬದುವಿನ ಮೇಲೆ ಕೂತಳು. ನಾಲ್ಕು ಗಂಟೆಯ ಬಿಸಿಲು ಅವಳ ಹಿಂದಿನಿಂದ ಬೀಳುತ್ತಿತ್ತು. ಅಷ್ಟರಲ್ಲಿ ಗಾಳಿ ಎದ್ದು ನೀರೆಲ್ಲ ಫಳಫಳ ಎಂದಿತು. ನನ್ನ ಕಣ್ಣು ಅವಳನ್ನು ದಾಟಿ ನೀರಿಗೆ ಹೋಯಿತು, ಬೆರಳು ತನ್ನ ಪಾಡಿಗೆ ಲೆನ್ಸಿನ ಬಳೆಯನ್ನು ನೀರಿನ ಹೊಳಪಿಗೆ ತಿರುಗಿಸಿತು. ರೋಲಿನಲ್ಲಿ ಹನ್ನೆರಡು ಉಳಿದಿದ್ದವು, ಹನ್ನೆರಡನ್ನೂ ತೆಗೆದೆ.

"ರೀ, ಮುಖ ಕಾಣ್ತದಾ?" ಎಂದು ನಡುವೆ ಒಮ್ಮೆ ಕೇಳಿದಳು.

"ಸುಮ್ನೆ ಕೂತ್ಕೊಳೇ, ನಂಗೊತ್ತು," ಎಂದು ರೇಗಿದೆ.

ಸೋಮವಾರದಿಂದ ಆಸ್ಪತ್ರೆ ಓಡಾಟ. ರೋಲು ಐದು ವಾರ ಕ್ಯಾಮೆರಾದಲ್ಲೇ ಉಳಿಯಿತು. ಅಷ್ಟರಲ್ಲಿ ಅವಳ ಕೂದಲು ಹೋಯಿತು, ಹುಬ್ಬೂ ಹೋಯಿತು, ಮುಖ ಊದಿ ಬೇರೆಯೇ ಆಯಿತು. ಕನ್ನಡಿಗೆ ಟವೆಲ್ ಹೊದಿಸಿಟ್ಟಿದ್ದಳು. ಒಂದು ಬೆಳಿಗ್ಗೆ ಅವಳೇ, "ಆ ರೋಲ್ ತೊಳೀರಿ, ನೋಡ್ಬೇಕು ಅನ್ನಿಸ್ತದೆ" ಅಂದಳು. ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಕೆಟ್ಟಿಗೆ ಮೊಣಕೈ ಅದ್ದಿ, "ಇನ್ನೊಂಚೂರು ಬಿಸಿ" ಎಂದಳು.

ಒದ್ದೆ ಫಿಲಂ ಬಿಚ್ಚಿ ಬಲ್ಬಿಗೆ ಹಿಡಿದೆ. ನೀರಿನ ಒಂದೊಂದು ಮಿಂಚೂ ಸೂಜಿಯಲ್ಲಿ ಚುಚ್ಚಿಟ್ಟ ಹಾಗೆ ಚುಕ್ಕಿಚುಕ್ಕಿಯಾಗಿ ನಿಂತಿತ್ತು. ನಡುವೆ ಒಂದು ತಲೆ, ಎರಡು ಭುಜ, ಅಷ್ಟರ ಜಾಗ ಖಾಲಿ. ನೆಗೆಟಿವ್‌ನಲ್ಲಿ ಬೆಳಕು ಬಿದ್ದದ್ದು ಕಪ್ಪಾಗುತ್ತದೆ. ಬೀಳದಿದ್ದಲ್ಲಿ ಏನೂ ಇರುವುದಿಲ್ಲ, ಗಾಜಿನ ಹಾಗೆ ಬರೀ ಪಾರದರ್ಶಕ. ಏನೂ ಇಲ್ಲದ ಕಡೆಯಿಂದ ಯಾವ ಸ್ಟುಡಿಯೋದವನೂ ಕಣ್ಣು, ಮೂಗು ಎತ್ತಿಕೊಡಲಾರ. ಹನ್ನೆರಡೂ ಹಾಗೇ ಇದ್ದವು.

"ರೋಲೇ ಹಳೇದು, ಕೈಕೊಡ್ತು," ಎಂದು ಸುಳ್ಳು ಹೇಳಿದೆ. ಅವಳು ಕೈ ಚಾಚಿದಳು. ಕೊಡದೆ ವಿಧಿಯಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಹಿಡಿದು ಒಂದರಿಂದ ಹನ್ನೆರಡರವರೆಗೆ ನಿಧಾನವಾಗಿ ನೋಡಿದಳು. ನಾನು ಏನು ಮಾಡಿದ್ದೆ ಅನ್ನುವುದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ನೀರು ಬಾಳ ಚೆನ್ನಾಗಿ ಬಂದದೆ ಕಣ್ರೀ," ಅಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬೈದುಬಿಡೇ, ನಾಲ್ಕು ಮಾತು ಬೈದುಬಿಡು" ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಫಿಲಂಗೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ನೇತುಹಾಕಿದಳು. ಸೆರಗಿಗೆ ಕೈ ಒರೆಸಿ, ತಲೆಗೆ ಕಟ್ಟಿದ್ದ ಉಲ್ಲನ್ ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಳು.

"ಇನ್ನೊಂದು ರೋಲ್ ಅದೆಯಲ್ಲ, ಈಗ್ಲೇ ತೆಗೀರಿ. ಹೆಂಗಿದ್ರೂ ಇದೂ ನನ್ ಮುಖಾನೇ."

ರೋಲು ಹಾಕಿದೆ. ಕ್ಯಾಮೆರಾ ಕಣ್ಣಿಗೇರಿಸಿದೆ. ಹುಬ್ಬಿಲ್ಲದ, ಊದಿದ ಆ ಮುಖ ನನ್ನನ್ನೇ ನೋಡುತ್ತಿತ್ತು, ಒಂಚೂರು ನಗಲೂ ನೋಡುತ್ತಿತ್ತು. ನನ್ನ ಕೈಯಲ್ಲಿ ಆಗಲಿಲ್ಲ. ಹೆದರಿದೆ ನಾನು, ನನ್ನ ಹೆಂಡತಿಯ ಮುಖಕ್ಕೇ ಹೆದರಿದೆ.

"ಬೆಳಕು ಸಾಲ್ದು ಕಣೇ. ನಾಳೆ ತೆಗೆಯೋಣ," ಅಂದೆ.

ಆಗ ಮಟಮಟ ಮಧ್ಯಾಹ್ನ. ಕಿಟಕಿಯ ಬಿಸಿಲು ಅವಳ ಕೆನ್ನೆಯ ಮೇಲೇ ಇತ್ತು. ಒಂದು ಗಳಿಗೆ ನನ್ನನ್ನು ನೋಡಿ, "ಸರಿ ಬುಡಿ, ನಾಳೆ" ಎಂದು ಸ್ಕಾರ್ಫ್ ಕಟ್ಟಿಕೊಂಡಳು.

ಆಮೇಲೆ ಹದಿನೇಳು ದಿನ ಇದ್ದಳು. ಹದಿನೇಳು ದಿನವೂ ಊಟಿಯಲ್ಲಿ ಒಳ್ಳೆಯ ಬಿಸಿಲು. ಅವಳು ಮತ್ತೆ ಕೇಳಲಿಲ್ಲ, ನಾನು ತೆಗೆಯಲಿಲ್ಲ.