ರುಚಿ ನೋಡದ ಅಡುಗೆ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ, ಕೈ ಚಾಚಿದರೆ ಸಿಗುವಂತೆ, ಪಿಂಗಾಣಿಯದೊಂದು ಉಪ್ಪಿನ ಜಾಡಿ ಇದೆ. ಹಬ್ಬದ ದಿನ ಅಮ್ಮ ಅದರಿಂದ ಉಪ್ಪನ್ನು ಅಂಗೈಗೆ ಹಾಕಿಕೊಂಡು, ಕ್ಷಣಕಾಲ ಕೈಯಲ್ಲೇ ತೂಗಿ ನೋಡಿ, ಕುದಿಯುವ ಹುಳಿಗೆ ಸುರಿದು ಮುಚ್ಚಳ ಮುಚ್ಚಿಬಿಡುತ್ತಾಳೆ. ನೈವೇದ್ಯಕ್ಕೆ ಮೊದಲು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲವಾದ್ದರಿಂದ ರುಚಿ ನೋಡುವ ಮಾತೇ ಇಲ್ಲ. ಕುವೆಂಪುನಗರದ ಇದೇ ಮನೆಯಲ್ಲಿ ಕೂತು ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವ, ಪರೀಕ್ಷಿಸದೆ ಒಂದು ಸಾಲನ್ನೂ ಹೊರಗೆ ಬಿಡದ ನನಗೆ ಅಮ್ಮನ ಈ ಧೈರ್ಯ ಕಂಡರೆ ಭಕ್ತಿಗಿಂತ ಭಯವೇ ಹೆಚ್ಚು.

ದೇವರೇನೋ ಇದುವರೆಗೆ ಉಪ್ಪು ಕಡಿಮೆಯೆಂದು ದೂರಿಲ್ಲ. ಹಾಗೆ ದೂರು ಹೇಳದ ಇನ್ನೊಬ್ಬರೆಂದರೆ ಶಾರದತ್ತೆ, ಅಪ್ಪನ ಅಕ್ಕ. ವಿದ್ಯಾರಣ್ಯಪುರಂನಲ್ಲಿ ಮಗಳ ಜೊತೆಗಿರುವ ಅವರು ಹಬ್ಬಕ್ಕೆ ತಪ್ಪದೆ ನಮ್ಮಲ್ಲಿಗೆ ಬರುತ್ತಾರೆ. ಒಂದು ವರ್ಷ ಅಮ್ಮ ಕೋಸಂಬರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮೊದಲು ಊಟಕ್ಕೆ ಕೂತ ಅತ್ತೆ “ಬಲು ಚೆನ್ನಾಗಿದೆ ಕಣಮ್ಮ” ಎಂದು ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ನಾವು ಬಾಯಿಗಿಟ್ಟಾಗಲೇ ಗುಟ್ಟು ರಟ್ಟಾದದ್ದು. ಕಣ್ಣು ಪೂರ್ತಿ ಹೋದಾಗಲೂ ಅವರು ಹೀಗೆಯೇ, ಯಾರಿಗೂ ಹೊರೆಯಾಗಬಾರದೆಂದು ಸುಮ್ಮನಿದ್ದುಬಿಟ್ಟರು.

ಮಗಳು ಕೆಲಸಕ್ಕೆ ಹೋದ ಮೇಲೆ ಅವರಿಗೆ ಜೊತೆ ಒಂದು ಹಳೆಯ ಕಂಪ್ಯೂಟರ್. ಪತ್ರಿಕೆ, ಕಥೆ, ಕಾದಂಬರಿ ಎಲ್ಲವನ್ನೂ ಅದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಅದು ತಾನಾಗಿಯೇ ಏನೋ ಹೊಸದನ್ನು ಇಳಿಸಿಕೊಂಡು ಇದ್ದಕ್ಕಿದ್ದಂತೆ ಮೂಕವಾಯಿತು. “ಅವಸರ ಏನಿಲ್ಲ ಪುಟ್ಟಿ, ಬಿಡುವಾದಾಗ ನೋಡು” ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಅವರಷ್ಟು ಹೇಳಿದರೆ ಮಧ್ಯಾಹ್ನಗಳು ಕಳೆಯುತ್ತಿಲ್ಲವೆಂದೇ ಅರ್ಥ. ನಾನು ಯಂತ್ರವನ್ನೇ ಸ್ಕೂಟರಿನಲ್ಲಿಟ್ಟುಕೊಂಡು ಮನೆಗೆ ತಂದೆ.

ತೊಂದರೆ ಇದ್ದದ್ದು ಆಳದಲ್ಲಿ. ಕಂಪ್ಯೂಟರಿನೊಳಗೆ ಹುಟ್ಟಿದ ದನಿಯನ್ನು ಸ್ಪೀಕರಿಗೆ ಸಾಗಿಸಲು ಒಂದು ಲೈಬ್ರರಿಯಿದೆ. ಪುಸ್ತಕಗಳದ್ದಲ್ಲ, ಮಾರಾಯರೇ; ಮಿಕ್ಕ ಪ್ರೋಗ್ರಾಮುಗಳು ಬೇಕೆಂದಾಗ ಕರೆದು ದುಡಿಸಿಕೊಳ್ಳುವ, ಯಾರ ಕಣ್ಣಿಗೂ ಬೀಳದ ಕೋಡಿನ ಗಂಟು ಅದು. ಸಿದ್ಧವಾಗಿ ಸಿಗುವ ಹೊಸ ಪ್ರತಿ ಈ ಮುದಿ ಯಂತ್ರಕ್ಕೆ ಒಗ್ಗಲಿಲ್ಲ. ಹಾಗಾಗಿ, ಅಂಗಡಿಯ ಸಾರಿನ ಪುಡಿ ಬೇಡವೆಂದು ಮನೆಯಲ್ಲೇ ಹುರಿದು ಕುಟ್ಟುವವರಂತೆ, ಅದರ ಮೂಲ ಬರಹವಾದ ಸೋರ್ಸ್ ಕೋಡ್ ತರಿಸಿಕೊಂಡು, ಈ ಯಂತ್ರಕ್ಕೆ ಹೊಂದುವಂತೆ ನಾನೇ ಕಂಪೈಲ್ ಮಾಡಲು ಕೂತೆ. ಅದಿಲ್ಲ, ಇದಿಲ್ಲ ಎಂದು ಹಟ ಹಿಡಿದು, ಕೇಳಿದ್ದನ್ನೆಲ್ಲ ನಾನು ಒದಗಿಸಿದ ಮೇಲೆ, ಲೈಬ್ರರಿ ಅಂತೂ ಸಿದ್ಧವಾಯಿತು. ಕಂಪ್ಯೂಟರ್ ಬಾಯಿ ಬಿಟ್ಟು ಒಂದು ಸಾಲು ಓದಿತು.

ಆದರೆ ಕೋಡಿನ ಜೊತೆಗೇ ಬಂದಿದ್ದ ಪರೀಕ್ಷೆಗಳನ್ನು ಓಡಿಸಿದಾಗ ಒಂದು ಮಾತ್ರ ಫೇಲಾಯಿತು. ಓದು ನಿಲ್ಲುವ ಮುನ್ನ ಕೊನೆಯ ಚೂರು ದನಿಯೂ ಸ್ಪೀಕರ್ ಸೇರಿತೇ ಎಂದು ನೋಡುವ ಪರೀಕ್ಷೆ ಅದು. ಹಳೆಯ ಯಂತ್ರಗಳಲ್ಲಿ ಇದು ಮೊದಲಿಂದಲೂ ಇದ್ದದ್ದೇ, ಬಿಟ್ಟು ಮುಂದೆ ಹೋಗಿ ಎಂದು ಇಂಟರ್ನೆಟ್ಟಿನ ಬಲ್ಲವರೆಲ್ಲ ಬರೆದಿದ್ದರು. ಅಮ್ಮನೂ ಇಣುಕಿ ನೋಡಿ, “ಮಾತಾಡ್ತಾ ಇದೆಯಲ್ಲೇ, ಕೊಟ್ಬುಡು. ಅವ್ರೇನೂ ಅನ್ನೋರಲ್ಲ” ಎಂದಳು.

ಅವರು ಏನೂ ಅನ್ನುವವರಲ್ಲ ಎಂಬುದೇ ನನ್ನನ್ನು ಕೂರಗೊಡಲಿಲ್ಲ. ದೂರು ಹೇಳುವವರಿಗೆ ನಮ್ಮ ಪರೀಕ್ಷೆ ಅಷ್ಟಾಗಿ ಬೇಕಿಲ್ಲ. ತಪ್ಪಿದರೆ ಅವರೇ ಬಂದು ಜುಟ್ಟು ಹಿಡಿಯುತ್ತಾರೆ. ಕೊಟ್ಟದ್ದನ್ನು ಚೆನ್ನಾಗಿದೆಯೆಂದು ನುಂಗಿಕೊಳ್ಳುವವರ ಪರವಾಗಿ ಯಾರಾದರೂ ಮೊದಲೇ ಕೇಳಬೇಕಲ್ಲ? ಮತ್ತೆ ಕೋಡಿನೊಳಗೆ ತಲೆ ಹಾಕಿದೆ. ಹುಡುಕಿ ಹುಡುಕಿ ಸಾಕಾಗುವ ಹೊತ್ತಿಗೆ ಸಿಕ್ಕಿಬಿತ್ತು: ಯಂತ್ರ ನಿಧಾನ, ಲೈಬ್ರರಿಗೆ ಆತುರ. ದನಿ ಪೂರ್ತಿ ಹೊರಬೀಳುವ ಮೊದಲೇ ಅದು ಬಾಗಿಲು ಹಾಕುತ್ತಿತ್ತು. ಸ್ವಲ್ಪ ಕಾಯುವಂತೆ ತಿದ್ದಿದೆ. ಪರೀಕ್ಷೆ ಪಾಸಾಯಿತು.

ಅತ್ತೆಯ ಮನೆಯಲ್ಲಿ ಯಂತ್ರ ಜೋಡಿಸಿ ಒಂದು ಕಥೆ ಹಾಕಿದೆ. ಅವರು ಕತ್ತು ಓರೆ ಮಾಡಿ ಬಹಳ ಹೊತ್ತು ಕೇಳಿದರು. ಚೆನ್ನಾಗಿದೆ ಎನ್ನಲಿಲ್ಲ.

“ಪುಟ್ಟಿ, ಮೊದ್ಲೆಲ್ಲ ಇದು ಮಾತಿನ ಕೊನೆ ನುಂಗ್ತಿತ್ತು. ಕಣ್ಣು ಹೋಯ್ತು, ಈಗ ಕಿವೀನೂ ಹೊರಟ್ಬುಡ್ತು ಅಂದ್ಕೊಂಡಿದ್ದೆ ಕಣೇ.”

“ಯಾರಿಗಾದ್ರೂ ಹೇಳ್ಬಾರ್ದಿತ್ತಾ ಅತ್ತೆ?”

“ಹೇಳಿ ಏನ್ಮಾಡೋದು, ಎಲ್ರಿಗೂ ಗಾಬರಿ.”

ಆ ಭಯವನ್ನು ಅವರು ಎಷ್ಟು ಮಧ್ಯಾಹ್ನ ಒಬ್ಬರೇ ಇಟ್ಟುಕೊಂಡು ಕೂತಿದ್ದರೋ. ನನಗೆ ಅಳು ಬಂತು. ಅವರ ಕಿವಿಗೆ ಬೀಳದಿರಲೆಂದು ವೈರು ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಮೊನ್ನೆ ಯುಗಾದಿಗೆ ಅಮ್ಮ ಎಂದಿನಂತೆ ಉಪ್ಪನ್ನು ಅಂಗೈಯಲ್ಲಿ ತೂಗಿ ಹಾಕಿದಳು, ದೇವರು ಎಂದಿನಂತೆ ಒಪ್ಪಿಕೊಂಡ. ಊಟಕ್ಕೆ ಕೂತ ಅತ್ತೆಯ ಪಕ್ಕದಲ್ಲೇ ಕೂತು, ಹುಳಿ ಹೇಗಿದೆಯೆಂದು ಕೇಳಿದೆ. “ಚೆನ್ನಾಗಿದೆ ಕಣೇ” ಎಂದರು. ನಾನು ಎದ್ದುಹೋಗದೆ, ಇನ್ನೊಂದು ಮಾತು ಬಾಕಿಯಿದೆಯೆಂಬಂತೆ ಸುಮ್ಮನೆ ಕಾದೆ. ಅತ್ತೆ ಇನ್ನೊಂದು ತುತ್ತು ತಿಂದರು; ಅಮ್ಮ ಅಡುಗೆಮನೆಯಲ್ಲಿದ್ದಾಳೆಂದು ಸದ್ದಿನಿಂದಲೇ ಖಚಿತ ಮಾಡಿಕೊಂಡು ನನ್ನ ಕಡೆ ವಾಲಿದರು.

“ಒಂಚೂರು ಉಪ್ಪು ಕಮ್ಮಿ.”

ನಾನು ಓಡಿಹೋಗಿ ಜಾಡಿಯನ್ನೇ ಎತ್ತಿಕೊಂಡು ಬಂದೆ.