ಅವನ ಮುಖದ ಟವೆಲ್

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಆ ಟೀವಿ ನಟನ ಹುಚ್ಚು ಅಷ್ಟಿಷ್ಟಲ್ಲ. ಧಾರಾವಾಹಿಯಲ್ಲಿ ಅವನು ಅತ್ತರೆ ನಮ್ಮ ಮನೆಯ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅವನು ಸಣ್ಣ ವಯಸ್ಸಿನಲ್ಲೇ ತೀರಿಕೊಂಡಾಗ ವೈನಿ ಮನೆಯವರೇ ಹೋದಂತೆ ಒಲೆ ಹಚ್ಚದೆ ಕುಳಿತರು. ನಾನು ಗೊಣಗುತ್ತ ಹೊಟೇಲಿನಿಂದ ತರಿಸಿ ತಿಂದೆ.

ಅಳುವುದೆಲ್ಲ ಮುಗಿದ ಮೇಲೆ ವೈನಿ ಮತ್ತು ಓಣಿಯ ಗೆಳತಿಯರು ಸೇರಿ, ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಅಕ್ಕಲಕೋಟಕ್ಕೆ ಹೋಗಿ ಯಾತ್ರಿಕರಿಗೆ ಊಟ ಹಾಕಿಸತೊಡಗಿದರು. ನಾವು ಸೊಲ್ಲಾಪುರದವರು. ಯಾರಿಗೆ ಮರ್ಯಾದೆ ಮಾಡಬೇಕಿದ್ದರೂ ಕೈಯಲ್ಲೊಂದು ಟವೆಲ್ ಇಡದೆ ನಮಗೆ ಸಮಾಧಾನವಿಲ್ಲ. ಈ ಸಲ ಊಟಕ್ಕೆ ಬಂದವರಿಗೆ ಕೊಡಲೆಂದು ವೈನಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮದೇ ಮಗ್ಗದಲ್ಲಿ, ಟವೆಲ್ಲಿನ ನಟ್ಟನಡುವೆ ಅವನ ಮುಖವನ್ನೇ ನೇಯಿಸಿದರು. ಮುಖ ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಟವೆಲ್ ಇರುವುದು ಒರೆಸಿಕೊಳ್ಳಲಿಕ್ಕೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ತಲೆತಲಾಂತರದಿಂದ ಟವೆಲ್ ಮಾರುವ ಮನೆತನ ನಮ್ಮದು, ನೋಡಿ.

ವೈನಿ ಫೋನಿನ ಮೇಲೆ ಫೋನು ಮಾಡಿ ಕರೆದದ್ದಕ್ಕೆ ಈ ಸಲ ನಟನ ತಾಯಿಯೇ ಬಂದರು. ಅವರ ತವರು ಅಕ್ಕಲಕೋಟದ ಕಡೆಯ ಹಳ್ಳಿ, ಆಡುವುದು ನಮ್ಮದೇ ಕನ್ನಡ. "ಆ ತಾಯಿ ಮನಸಿಗಿ ನೋವಾತಂದ್ರ ನಾ ಇದನ್ನೆಲ್ಲಾ ಬಂದ್ ಮಾಡ್ತೀನಿ ನೋಡವಾ" ಎಂದು ವೈನಿ ಬಸ್ಸಿನಲ್ಲೇ ನನಗೆ ಹೇಳಿದ್ದರು.

ಮೊದಲ ಪಂಕ್ತಿಯ ಊಟವಾಯಿತು. ಒಬ್ಬ ಮುದುಕ ಕೈ ತೊಳೆದು ಬಂದು, ತನಗೆ ಕೊಟ್ಟ ಟವೆಲ್ ಬಿಡಿಸಿ, ಆ ಮುಖದ ಮೇಲೆಯೇ ಕೈ ಒರೆಸಿಕೊಂಡ. ಆಮೇಲೆ ಮೀಸೆ ಒರೆಸಿಕೊಂಡ. ನಟನ ತಾಯಿ ಎದುರಿಗೇ ನಿಂತಿದ್ದರು.

ವೈನಿ ಓಡಿಹೋಗಿ ಟವೆಲ್ಲಿಗೆ ಕೈ ಹಾಕಿದರು. "ಕಾಕಾ, ಕೊಡ್ರಿ ಇಲ್ಲಿ. ಅದು ಒರಸಾಕ ಅಲ್ರಿ."

"ಮತ್ಯಾತಕ್ಕರಿ?" ಎಂದ ಮುದುಕ. ಟವೆಲ್ ಬಿಡಲಿಲ್ಲ.

ವೈನಿ ಆ ತಾಯಿಯ ಕಡೆ ತಿರುಗಿ, "ತಪ್ಪಾತ್ರಿ ಅವ್ವಾರ" ಎಂದು ಅತ್ತೇಬಿಟ್ಟರು.

"ಬಿಡವಾ, ಒರಸ್ಕೊಳ್ಳಲಿ" ಎಂದರು ತಾಯಿ. "ಅಂವ ಹೋದಾಗಿಂದ ಎಲ್ಲಾರೂ ಫೋಟೋಕ್ಕ ಹಾರ ಹಾಕಿ, ದೂರ ನಿಂತು ಕೈ ಮುಗೀತಾರ. ನನ್ನ ಮಗನ್ನ ಮುಟ್ಟಿದವರು ಇವರೊಬ್ಬರ ನೋಡು."

ನನಗೆ ಹೋದ ಜೀವ ಬಂದಂತಾಯಿತು. ವೈನಿ ಮುದುಕನ ಟವೆಲ್ಲಿನಿಂದ ಕೈ ತೆಗೆದರು.

"ನನಗೂ ಒಂದು ಕೊಡವಾ" ಎಂದು ತಾಯಿ ಕೈ ಚಾಚಿದರು. ವೈನಿ ಕೊಟ್ಟರು. ಅವರು ಅದರ ಮಡಿಕೆ ಬಿಡಿಸಿ, ಮಗನ ಕೆನ್ನೆಯಿಂದಲೇ ಕಣ್ಣೊರೆಸಿಕೊಂಡು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು.